ರಂಗಿಯ ಉಚ್ಚೆಗೆ ಕಾದ ಮಳೆಗಾಲ

ಹೋದ ತಿಂಗಳು ಹಿರಿಯೂರಿನ ಬಸ್ ನಿಲ್ದಾಣದಲ್ಲಿ ನಮ್ಮ ಬಸ್ಸು ಹೊರಡಲು ಅಣಿಯಾಗಿತ್ತು. ಕಂಡಕ್ಟರ್ ಸೀಟಿ ಊದಿಯೂ ಆಗಿತ್ತು. ಆಗ ಹಿಂದಿನ ಸೀಟಿನ ಹೆಂಗಸೊಬ್ಬಳು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ನಿಲ್ದಾಣದ ಆ ತುದಿಯಲ್ಲಿದ್ದ ಮಗನಿಗೆ ಕೇಳುವ ಹಾಗೆ ಕೂಗಿದಳು: “ಲೇ, ಉಚ್ಚೆ ಹೊಯ್ದೇನಲೇ? ಬಸ್ಸು ಹೊರಡ್ತೈತೆ!”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಉಳಿದವರ ನಗು ನಿಂತ ಮೇಲೂ ನನ್ನದು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳು ಮೊಣಕೈಯಿಂದ ತಿವಿದು, “ಸಾಕು ಅಜ್ಜಿ, ಎಲ್ಲರೂ ನೋಡ್ತಿದ್ದಾರೆ” ಅಂದಳು. ಅವಳಿಗೆ ಏನು ಹೇಳಲಿ? ಅದೇ ಪ್ರಶ್ನೆಯನ್ನು ಒಂದು ಮಳೆಗಾಲದಲ್ಲಿ ಒಂದು ಇಡೀ ಆಸ್ಪತ್ರೆ ಕೇಳುತ್ತಿತ್ತು. ಆಗ ನಮ್ಮಲ್ಲಿ ಯಾರಿಗೂ ಅದು ನಗುವ ಪ್ರಶ್ನೆಯಾಗಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮೈಸೂರಿನ ಕಡೆಯವಳು. ಮಕ್ಕಳ ಕಾಯಿಲೆಗಳ ಓದು ಮುಗಿಸಿ, ಚಿತ್ರದುರ್ಗದಲ್ಲಿ ಕೆಲವು ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಧರ್ಮಾಸ್ಪತ್ರೆಗೆ ಸೇರಿದ್ದೆ. ಮಳೆಗಾಲವೆಂದರೆ ಮಳೆ ಸುರಿಯುವ ಕಾಲ ಎಂದು ತಿಳಿದಿದ್ದ ನನಗೆ, ದುರ್ಗದಲ್ಲಿ ಅದು ಗಾಳಿಯ ಕಾಲ ಎಂದು ಬಂದ ಮೇಲೆ ಗೊತ್ತಾಯಿತು. ಬೆಳಿಗ್ಗೆ ಕೋಟೆಯ ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ಮಧ್ಯಾಹ್ನಕ್ಕೆ ಗಾಳಿ ಎದ್ದು ಆ ಮೋಡವನ್ನೆಲ್ಲ ಆಂಧ್ರದ ಕಡೆಗೆ ಹೊಡೆದುಕೊಂಡು ಹೋಗುತ್ತಿತ್ತು. ನಾವು ಅಂಗಳದಲ್ಲಿ ಒಣಹಾಕಿದ ಹೊದಿಕೆಗಳನ್ನು ಸಂಜೆ ಪಕ್ಕದ, ಮರ ಕೊಯ್ಯುವ ಸಾಮಿಲ್ಲಿನಿಂದ ಕೇಳಿ ತರಬೇಕಾಗುತ್ತಿತ್ತು. ಬಿದ್ದರೆ ಧೂಳು ಅಡಗುವಷ್ಟು ಮಳೆ. ಅಷ್ಟಕ್ಕೇ ಹಳ್ಳಿಗಳ ಬಾವಿಗೆ ಕೊಳೆನೀರು ಇಳಿದು, ವಾಂತಿಭೇದಿಯ ಮಕ್ಕಳು ಎತ್ತಿನ ಗಾಡಿಯಲ್ಲಿ, ಬಸ್ಸಿನಲ್ಲಿ, ಹೆಗಲ ಮೇಲೆ ಬರುತ್ತಿದ್ದರು.

ಆಸ್ಪತ್ರೆಯ ಹಿರಿಯರು ಒಬ್ಬ ಸರ್ಜನ್. ಊರೆಲ್ಲ ಅವರನ್ನು ದೊಡ್ಡ ಡಾಕ್ಟ್ರು ಅನ್ನುತ್ತಿತ್ತು. ಐವತ್ತು ದಾಟಿದ್ದ ಅವರಿಗೆ ಕಿವಿ ಮಂದ. ತಮಗೆ ಕೇಳಿಸದ್ದು ಯಾರಿಗೂ ಕೇಳಿಸದು ಎಂಬಂತೆ ಏರುದನಿಯಲ್ಲೇ ಮಾತಾಡುತ್ತಿದ್ದರು. ಅವರು ರೋಗಿಯನ್ನು ಒಳಗೆ ಕರೆದು, ಬಾಗಿಲು ಹಾಕಿ, ಗುಟ್ಟಾಗಿ ತಿಳಿಸಿದ ಮೂಲವ್ಯಾಧಿಯ ವಿಚಾರ ಗೇಟಿನ ಹೊರಗಿನ ಬಾಳೆಹಣ್ಣಿನ ಗಾಡಿಯವನಿಗೂ ತಿಳಿಯುತ್ತಿತ್ತು. ಮಕ್ಕಳ ವಾರ್ಡಿಗೆ ನಾನು, ನನ್ನ ಜೊತೆಗೆ ನರ್ಸ್ ಪಾರ್ವತಕ್ಕ. ಹೊಳಲ್ಕೆರೆಯವರು. ನಾನು ಪುಸ್ತಕದ ಕನ್ನಡದಲ್ಲಿ ಹೇಳಿದ್ದನ್ನು ಅವರು ಅಲ್ಲಿಯವರ ಕನ್ನಡಕ್ಕೆ ತಿರುಗಿಸುತ್ತಿದ್ದರು. ತಿರುಗಿಸುವಾಗ ನನ್ನ ಪರವಾಗಿ ನಾಲ್ಕು ಬೈಗುಳವನ್ನೂ ಸೇರಿಸುತ್ತಿದ್ದರೆಂದು ಬಹಳ ತಡವಾಗಿ ತಿಳಿಯಿತು.

ರಂಗಿ ಬಂದದ್ದು ಶ್ರಾವಣದ ಕೊನೆಯಲ್ಲಿ, ಹರಿಯಬ್ಬೆಯ ಕಡೆಯಿಂದ. ಆರು ವರ್ಷದ ಹುಡುಗಿ. ಕುರಿ ಸಾಕುವ ಮನೆ. ತಾಯಿ ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. ಅಪ್ಪ ಈರಣ್ಣ ಮಗಳನ್ನು ಹೊತ್ತುಕೊಂಡು ಬಂದಿದ್ದ. ಅವನ ಮುಂದೆ ಅವನ ತಾಯಿ ಕರಿಯಮ್ಮ, ದಾರಿ ಬಿಡಿಸಿಕೊಂಡು, ಎದುರು ಸಿಕ್ಕವರನ್ನೆಲ್ಲ ಗದರಿಕೊಂಡು ಬಂದಳು. ವಾಂತಿಭೇದಿ ಬಂದದ್ದು ಹೋಗಿತ್ತು. ಆದರೆ ಅದರ ಜೊತೆ ಮೈಯ ನೀರೆಲ್ಲ ಹೋಗಿ, ಹುಡುಗಿಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಮುಖ ಊದಿತ್ತು, ಉಸಿರು ಭಾರವಾಗಿತ್ತು, ಕರೆದರೆ ಕಣ್ಣು ಬಿಡುವುದೂ ಕಷ್ಟವಾಗಿತ್ತು.

“ಕೂಸು ಉಚ್ಚೆ ಹೊಯ್ದು ಯಾವ ಕಾಲ ಆತೋ ತಾಯಿ,” ಅಂದಳು ಕರಿಯಮ್ಮ. “ಅದೊಂದು ಹೊಯ್ಸಿಬಿಡು. ಮಿಕ್ಕಿದ್ದು ನಾನು ನೋಡ್ಕತೀನಿ.”

ಬೆಂಗಳೂರಿಗೆ ಒಯ್ಯುವಷ್ಟು ಹೊತ್ತು ಆ ಹುಡುಗಿಯಲ್ಲಿರಲಿಲ್ಲ. ನಮ್ಮಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರವಿರಲಿಲ್ಲ. ಇದ್ದದ್ದು ಒಂದೇ ದಾರಿ. ಹೊಕ್ಕುಳಿನ ಕೆಳಗೆ ಸಣ್ಣ ರಂಧ್ರ ಮಾಡಿ ಹೊಟ್ಟೆಗೆ ಒಂದು ನಳಿಗೆ ಇಳಿಸುವುದು. ಅದರ ಮೂಲಕ ಬಾಟಲಿಯ ದ್ರಾವಣ ಒಳಗೆ ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಹೊರಗೆ ಹರಿಸುವುದು. ರಕ್ತದಲ್ಲಿ ಸೇರಿಕೊಂಡ ಕಶ್ಮಲ ಆ ನೀರಿನ ಜೊತೆ ಹೊರಗೆ ಬರುತ್ತದೆ. ಮೂತ್ರಪಿಂಡ ಎಚ್ಚರಾಗುವ ತನಕ ಅದರ ಕೆಲಸವನ್ನು ನಾವು ಬಾಟಲಿ, ಬಕೆಟ್ಟು ಹಿಡಿದು ಮಾಡಬೇಕು. ದೊಡ್ಡ ಡಾಕ್ಟರು ನಳಿಗೆ ಇಳಿಸಿದರು. ದ್ರಾವಣದ ಬಾಟಲಿಗಳು ದಾವಣಗೆರೆಯಿಂದ ಬಸ್ಸಿನ ಮೇಲೆ, ಟೊಮೆಟೊ ಬುಟ್ಟಿಗಳ ನಡುವೆ ಬರುತ್ತಿದ್ದವು. ಪಾರ್ವತಕ್ಕ ಅವನ್ನು ಬಿಸಿನೀರಿನಲ್ಲಿಟ್ಟು ಮೈ ಬೆಚ್ಚಗಿರುವಷ್ಟು ಕಾಯಿಸಿ ಕೊಡುತ್ತಿದ್ದರು.

ಎಲ್ಲ ಮುಗಿಸಿ ದೊಡ್ಡ ಡಾಕ್ಟರು ಕರಿಯಮ್ಮನ ಹತ್ತಿರ ಬಗ್ಗಿ, ಅವಳೊಬ್ಬಳಿಗೇ ಎಂದುಕೊಂಡು ಹೇಳಿದರು: “ಇನ್ನು ಹುಡುಗಿ ಉಚ್ಚೆ ಹೊಯ್ದರೆ ಬದುಕಿದಳು ಅಂತ ತಿಳ್ಕೊಳ್ಳಿ!”

ಅದು ಕೋಟೆಗೂ ಕೇಳಿಸಿರಬೇಕು. ಅಂದಿನಿಂದ ಶುರುವಾಯಿತು. ಬೆಳಿಗ್ಗೆ ನಾನು ಗೇಟಿನೊಳಗೆ ಕಾಲಿಡುವಾಗ ಬಾಳೆಹಣ್ಣಿನವನು, “ಡಾಕ್ಟ್ರಮ್ಮ, ಹೊಯ್ದ್ಲಾ?” ಎನ್ನುತ್ತಿದ್ದ. ಹೊದಿಕೆ ತರಲು ಹೋದರೆ ಸಾಮಿಲ್ಲಿನವರು ಗರಗಸ ನಿಲ್ಲಿಸಿ ಕೇಳುತ್ತಿದ್ದರು. ಬಾಟಲಿ ತಂದ ಬಸ್ಸಿನ ಕಂಡಕ್ಟರ್ ಪೆಟ್ಟಿಗೆ ಇಳಿಸುವ ಮೊದಲು ಕೇಳುತ್ತಿದ್ದ. ಒಂದು ದಿನ ಆಸ್ಪತ್ರೆ ನಡೆಸುವವರಲ್ಲಿ ಹಿರಿಯರೊಬ್ಬರು, ಜರಿ ಪೇಟದವರು, ವಾರ್ಡಿನ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, “ಆ ಬಾಲಕಿಯ ಮೂತ್ರವಿಸರ್ಜನೆಯ ವಿಚಾರ ಯಾವ ಹಂತದಲ್ಲಿದೆ?” ಎಂದು ಕೇಳಿದರು.

ಕರಿಯಮ್ಮ ಪಾರ್ವತಕ್ಕನ ಮುಖ ನೋಡಿದಳು. “ಏನಂತೆ ಇವರದ್ದು?”

“ಉಚ್ಚೆ ಹೊಯ್ದ್ಲಾ ಅಂತ ಕೇಳ್ತಾವ್ರೆ.”

“ಹಂಗಂತ ಕೇಳಾಕೆ ಏನಂತೆ ಬ್ಯಾನೆ?” ಅಂದಳು ಕರಿಯಮ್ಮ. ಪೇಟದವರು ಮತ್ತೆ ನಮ್ಮ ವಾರ್ಡಿನ ಕಡೆ ಬರಲಿಲ್ಲ. ಆಳನ್ನು ಕಳಿಸಿ ಕೇಳಿಸುತ್ತಿದ್ದರು.

ಈರಣ್ಣ ಕುರಿಗಳನ್ನು ಬಿಟ್ಟಿರುವ ಹಾಗಿರಲಿಲ್ಲ. ಊರಿಗೆ ಹೋಗಿ ಬರುವಾಗಲೆಲ್ಲ ಹಿರಿಯೂರಿನಲ್ಲಿ ಇಳಿದು ಎಳನೀರಿನ ಗೊಂಚಲು ತರುತ್ತಿದ್ದ. ಬಾಯಿ ಇಲ್ಲದವನಂತಿದ್ದ ಆ ಮನುಷ್ಯ ಮಗಳ ಮೇಲಿನ ಪ್ರೀತಿಯನ್ನು ಎಳನೀರಿನಲ್ಲೇ ಹೇಳಬೇಕಾಗಿತ್ತು. ಆಗಲೇ ಉಪ್ಪು ಬಿಡಿಸಿ, ನೀರನ್ನೂ ಅಳೆದು ಕೊಡಿಸುತ್ತಿದ್ದ ನಾನು ಅದನ್ನೂ ಬೇಡವೆಂದೆ. ಎಳನೀರಿನಲ್ಲಿರುವ ಒಂದು ಲವಣ ಮೂತ್ರದಲ್ಲೇ ಹೊರಗೆ ಹೋಗಬೇಕು. ಮೂತ್ರ ನಿಂತವರಲ್ಲಿ ಅದು ರಕ್ತದಲ್ಲಿ ಏರಿ ಎದೆಬಡಿತವನ್ನೇ ನಿಲ್ಲಿಸಬಲ್ಲದು. “ಎಳನೀರು ವಿಷ ಅಂತಾಳಲ್ಲಪ್ಪ ಈಯಮ್ಮ!” ಎಂದು ಕರಿಯಮ್ಮ ವಾರ್ಡಿಗೆಲ್ಲ ಸಾರಿದಳು. ಈರಣ್ಣ ಗೊಂಚಲನ್ನು ಉಗ್ರಾಣದ ಮೂಲೆಯಲ್ಲಿಟ್ಟ. ಮುಂದಿನ ಸಲ ಬಂದಾಗ ಇನ್ನೊಂದು ಗೊಂಚಲು ತಂದಿಟ್ಟ.

ಹೊಟ್ಟೆ ತೊಳೆಯಲು ಶುರುಮಾಡಿದ ಮೇಲೆ ರಂಗಿಯ ಉಸಿರು ಹಗುರಾಯಿತು. ಮುಖದ ಊತ ಇಳಿಯಿತು. ನಾವು ಬೀಗುವ ಹೊತ್ತಿಗೆ ಜ್ವರ ಬಂತು. ಹೊಟ್ಟೆಯಿಂದ ಹೊರಬರುವ ನೀರು ಅಷ್ಟು ದಿನ ತಿಳಿಯಾಗಿದ್ದದ್ದು ಅಕ್ಕಿ ತೊಳೆದ ನೀರಿನಂತೆ ಕದಡಿತು. ನಳಿಗೆಯ ದಾರಿಯಲ್ಲಿ ಸೋಂಕು ಒಳಗೆ ಇಳಿದಿತ್ತು. ನಾವು ಜೀವ ಉಳಿಸಲು ತೆರೆದ ಬಾಗಿಲಿನಿಂದಲೇ ಅದೂ ಬಂದಿತ್ತು.

ಜೆಂಟಾಮೈಸಿನ್ ಎಂಬ ಔಷಧಿ ಆಗ ನಮ್ಮ ಕಡೆಗೆ ಹೊಸದು. ಈ ಸೋಂಕಿಗೆ ಅದೇ ಬೇಕಿತ್ತು. ಆದರೆ ಅದರ ಸ್ವಭಾವ ಒಂದಿತ್ತು. ಅದು ಮೈಯಿಂದ ಹೊರಗೆ ಹೋಗುವುದು ಮೂತ್ರದ ದಾರಿಯೊಂದರಿಂದಲೇ. ಕೆಲವು ಔಷಧಿಗಳನ್ನು ಪಿತ್ತಜನಕಾಂಗ ಕರಗಿಸಿ ಕಳಿಸುತ್ತದೆ, ಅವನ್ನು ಎಂದಿನಂತೆ ಕೊಡಬಹುದು. ಇದು ಹಾಗಲ್ಲ. ಗಟ್ಟಿಮುಟ್ಟಾದ ಮಗುವಿಗೆ ಬೆಳಿಗ್ಗೆ ಕೊಟ್ಟದ್ದು ಸಂಜೆಯೊಳಗೆ ಹೆಚ್ಚುಕಡಿಮೆ ಖಾಲಿ. ಮೂತ್ರಪಿಂಡ ನಿಂತ ಮಗುವಿನಲ್ಲಿ ಅದೇ ಔಷಧಿ ದಿನಗಟ್ಟಲೆ ಕೂತಿರುತ್ತದೆ. ನಾವು ತೊಳೆಯುವ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ, ಅದೂ ಬಹಳ ನಿಧಾನ. ಗೊತ್ತಿಲ್ಲದೆ ಮೇಲೆ ಮೇಲೆ ಕೊಟ್ಟರೆ ಅದು ಕಿವಿಯ ಒಳನರವನ್ನು ತಿಂದುಹಾಕುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ. ಕಡಿಮೆ ಕೊಟ್ಟರೆ ಸೋಂಕು ಹುಡುಗಿಯನ್ನೇ ತಿನ್ನುತ್ತದೆ. ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಸಾಧನ ದುರ್ಗದಲ್ಲಿರಲಿ, ನನಗೆ ತಿಳಿದಂತೆ ಹತ್ತಿರದಲ್ಲೆಲ್ಲೂ ಇರಲಿಲ್ಲ. ದೊಡ್ಡ ಡಾಕ್ಟರೂ ನಾನೂ ಕೂತು ನಿರ್ಧರಿಸಿದೆವು: ಮೊದಲ ಸೂಜಿ ಪೂರ್ತಿ ಕೊಡುವುದು, ಏಕೆಂದರೆ ಖಾಲಿ ಮೈಗೆ ಮೊದಲ ಸಲ ತುಂಬುವಷ್ಟು ಬೇಕೇ ಬೇಕು. ಆಮೇಲೆ ತೊಳೆಯುವ ನೀರಿನಲ್ಲೇ ಚಿಟಿಕೆಯಷ್ಟು ಬೆರೆಸುವುದು. ಎರಡನೆಯ ಸೂಜಿಗೆ ಅವಸರ ಮಾಡದೆ ಕಾಯುವುದು.

ಕಾಯುವುದೆಂದರೆ ಏನೂ ಮಾಡದಿರುವುದು ಎಂದು ಕರಿಯಮ್ಮ ಅರ್ಥ ಮಾಡಿಕೊಂಡಳು.

ಪಕ್ಕದ ಮಂಚದಲ್ಲಿ ಹೊಸದುರ್ಗದ ಕಡೆಯ, ಮಾಡದಕೆರೆಯ ಹುಡುಗನೊಬ್ಬ ನ್ಯುಮೋನಿಯಾ ಆಗಿ ಮಲಗಿದ್ದ. ಅವನಿಗೆ ಹೊತ್ತುಹೊತ್ತಿಗೆ ಸೂಜಿ. ಸೂಜಿ ಕಂಡಾಗಲೆಲ್ಲ ಅವನು ಸಾಮಿಲ್ಲಿನವರೂ ತಿರುಗುವ ಹಾಗೆ ಕಿರುಚುತ್ತಿದ್ದ. ಕರಿಯಮ್ಮ ಅವನನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು. ಮಾರನೆಯ ದಿನ ನನ್ನನ್ನು ತಡೆದು ನಿಲ್ಲಿಸಿದಳು.

“ಆ ಹುಡುಗನಿಗೆ ಬೆಳಿಗ್ಗೆ ಚುಚ್ತೀರಿ, ಸಂಜೀಕೆ ಚುಚ್ತೀರಿ. ನನ್ನ ಕೂಸಿಗೆ ನಿನ್ನೆ ಒಂದು ಚುಚ್ಚಿ ಸುಮ್ಕಾದ್ರಿ. ಯಾಕೆ? ನಾವು ಕುರಿ ಕಾಯೋರು ಅಂತಾನಾ?”

ನನಗೆ ನೋವಾಯಿತು. ಸಮಾಧಾನವಾಗಿ ವಿವರಿಸಬೇಕೆಂದು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅವಳೂರಿನ ಹತ್ತಿರದ ಉದಾಹರಣೆಯನ್ನೇ ಎತ್ತಿಕೊಂಡೆ.

“ಮಾರಿಕಣಿವೆ ಅಣೆಕಟ್ಟು ನೋಡಿದ್ದೀರಾ ಅಜ್ಜಿ?”

“ನೋಡದೇ ಏನು? ನಾನು ಚಿಕ್ಕೋಳಿದ್ದಾಗ ಕೋಡಿ ಬಿದ್ದಿತ್ತು. ನಮ್ಮಪ್ಪ ಹೆಗಲ ಮ್ಯಾಲೆ ಕುಂಡ್ರಿಸ್ಕಂಡು ತೋರಿಸಿದ್ದ.”

“ಅದರ ತೂಬು ಮುಚ್ಚಿಹೋಯಿತು ಅಂತ ಇಟ್ಟುಕೊಳ್ಳಿ. ಮೇಲಿನಿಂದ ನೀರು ಬರುತ್ತಲೇ ಇದ್ದರೆ ಏನಾಗುತ್ತೆ?”

“ಕೆರೆ ತುಂಬ್ತೈತೆ.”

“ಹಾಂ! ನಿಮ್ಮ ಮೊಮ್ಮಗಳ ಮೈಯೂ ಹಾಗೇ. ತೂಬು ಮುಚ್ಚಿದೆ. ನಾನು ಔಷಧಿ ಕೊಡುತ್ತಾ ಹೋದರೆ ಅದು ಹೊರಗೆ ಹೋಗದೆ ತುಂಬುತ್ತೆ.”

ಕರಿಯಮ್ಮನ ಮುಖ ಅರಳಿತು. “ಒಳ್ಳೇದೇ ಆತಲ್ಲ ತಾಯಿ! ನಮ್ಮ ಕಡೆ ಕೆರೆ ತುಂಬಲಿ ಅಂತ ದ್ಯಾವ್ರಿಗೆ ಕೈ ಮುಗಿದೂ ಮುಗಿದೂ ಕೈ ಸವೆದೈತೆ. ನೀನು ತುಂಬಿದ್ರೆ ಕೆಡುಕು ಅಂತೀಯಲ್ಲ? ತುಂಬ್ಲಿ ಬಿಡು!”

ನಾನು ಉದಾಹರಣೆಯನ್ನು ತಪ್ಪು ಸೀಮೆಯಲ್ಲಿ ಬಳಸಿದ್ದೆ. ಮೈಸೂರಿನ ಕಡೆಯಾಗಿದ್ದರೆ ನಡೆಯುತ್ತಿತ್ತೇನೋ. ಪಾರ್ವತಕ್ಕ ಔಷಧಿ ಕಪಾಟಿನ ಕಡೆ ಮುಖ ಮಾಡಿ ನಿಂತಿದ್ದರು. ಅವರ ಭುಜಗಳು ಕುಲುಕುತ್ತಿದ್ದವು.

ಕರಿಯಮ್ಮ ನನ್ನ ಮೇಲಿನ ಆಸೆ ಬಿಟ್ಟು ಬೇರೆ ದಾರಿ ಹುಡುಕಿದಳು. ದುರ್ಗದಲ್ಲೇ ಸೂಜಿ ಸಿದ್ದಪ್ಪ ಎಂದೊಬ್ಬನಿದ್ದ. ಹಿಂದೆ ಯಾವುದೋ ಡಾಕ್ಟರ ಹತ್ತಿರ ಬಾಟಲಿ ತೊಳೆದುಕೊಂಡಿದ್ದು, ಆಮೇಲೆ ಸ್ವಂತ ಬ್ಯಾಗು ಕೊಂಡು ಸೈಕಲ್ಲಿನಲ್ಲಿ ತಿರುಗುತ್ತಾ, ಕೇಳಿದವರಿಗೆಲ್ಲ ಸೂಜಿ ಚುಚ್ಚುತ್ತಿದ್ದ. ಜ್ವರಕ್ಕೆ, ಕೆಮ್ಮಿಗೆ, ಕೋರ್ಟು ವ್ಯಾಜ್ಯದ ಚಿಂತೆಗೂ ಅವನದು ಒಂದೇ ಸೂಜಿ ಎಂದು ಪ್ರತೀತಿ. ಕರಿಯಮ್ಮ ಅವನನ್ನು ಎಲ್ಲಿ ಕಂಡುಹಿಡಿದಳೋ. ಒಂದು ಮಧ್ಯಾಹ್ನ ನೋಡಲು ಬರುವವರ ಹೊತ್ತಿನಲ್ಲಿ ನಾನು ವಾರ್ಡಿಗೆ ಬಂದಾಗ, ಪೊದೆಮೀಸೆಯ ಗಟ್ಟಿ ಆಳೊಬ್ಬ ರಂಗಿಯ ಮಂಚದ ಹತ್ತಿರ ನಿಂತಿದ್ದ. ಕೈಯಲ್ಲಿ ಬ್ಯಾಗು.

“ಯಾರಿವರು?” ಅಂದೆ.

“ಕೂಸಿನ ಸೋದರಮಾವ,” ಅಂದಳು ಕರಿಯಮ್ಮ, ತುಸು ಬೇಗನೆ.

ಸೋದರಮಾವ ನನಗೆ ನಮಸ್ಕಾರ ಮಾಡಿದ. ಅದೇ ಹೊತ್ತಿಗೆ ಪಾರ್ವತಕ್ಕ ನೀರು ಹೊರಗೆ ಹರಿಸಲು ಬಂದು, ಹೊದಿಕೆ ಸರಿಸಿ, ನಳಿಗೆಯ ತಿರುಪು ಸಡಿಲಿಸಿದರು. ಹುಡುಗಿಯ ಹೊಟ್ಟೆಯಿಂದ ಹೊರಟ ನಳಿಗೆಯಲ್ಲಿ ನೀರು ಬುಳುಬುಳು ಎಂದು ಕೆಳಗಿನ ಬಾಟಲಿಗೆ ಇಳಿಯತೊಡಗಿತು. ಸೋದರಮಾವ ಬಗ್ಗಿ ನೋಡಿದ. ನಳಿಗೆ ನೋಡಿದ. ಅದು ಎಲ್ಲಿಂದ ಹೊರಟಿದೆ ಎಂದು ನೋಡಿದ. ಊರಿನ ಅರ್ಧ ಜನರ ತೋಳು ಚುಚ್ಚಿದ ಆ ಮನುಷ್ಯ “ಅಯ್ಯಪ್ಪಾ” ಎಂದು, ಕಡಿದ ಮರದಂತೆ ಪಾರ್ವತಕ್ಕನ ಕಾಲ ಮೇಲೆ ಬಿದ್ದ.

ಬ್ಯಾಗು ಬಿಚ್ಚಿಕೊಂಡು ಸಿರಿಂಜು, ಸೂಜಿ, ಸಣ್ಣ ಬಾಟಲಿಗಳು ನೆಲದ ತುಂಬ ಉರುಳಿದವು. ಮಾಡದಕೆರೆಯ ಹುಡುಗ ಅಷ್ಟು ಸೂಜಿಗಳನ್ನು ಒಟ್ಟಿಗೆ ಕಂಡು, ಎಲ್ಲವೂ ತನಗೇ ಎಂದು ತಿಳಿದು ಮಂಚದ ಕೆಳಗೆ ನುಗ್ಗಿದ. ನಾವು ಸಿದ್ದಪ್ಪನನ್ನು ಎತ್ತಿ ಆ ಹುಡುಗನ ಖಾಲಿ ಮಂಚದ ಮೇಲೆ ಮಲಗಿಸಿದೆವು. ಕರಿಯಮ್ಮ ಸೆರಗಿನಿಂದ ಗಾಳಿ ಹಾಕುತ್ತಾ ಬೈಯುತ್ತಿದ್ದಳು: “ಥೂ ನಿನ್ನ! ನಿನ್ನೆ ಬಂದಾಗ ಚೆನ್ನಾಗಿದ್ಯಲ್ಲೋ!”

ನಾನು ಅವಳ ಕಡೆ ತಿರುಗಿದೆ. “ನಿನ್ನೆ? ನಿನ್ನೆ ಏನು ಮಾಡಿದ?”

ಕರಿಯಮ್ಮ ಗಾಳಿ ಹಾಕುವುದನ್ನು ನಿಲ್ಲಿಸಿದಳು.

ಹಿಂದಿನ ಮಧ್ಯಾಹ್ನ, ನಾವು ಊಟಕ್ಕೆ ಹೋಗಿದ್ದಾಗ, ರಂಗಿಯ ಮೈಮೇಲೆ ಹೊದಿಕೆ ಇದ್ದಾಗ, ಅವನು ತೋಳಿಗೆ ಒಂದು ಸೂಜಿ ಹಾಕಿ ಹೋಗಿದ್ದ. ನೆಲದ ಮೇಲೆ ಬಿದ್ದಿದ್ದ ಬಾಟಲಿ ಎತ್ತಿ ಓದಿದೆ. ಪೆನಿಸಿಲಿನ್ನಿಗೆ ಸ್ಟ್ರೆಪ್ಟೋಮೈಸಿನ್ ಸೇರಿಸಿದ್ದು. ಸ್ಟ್ರೆಪ್ಟೋಮೈಸಿನ್ ನಮ್ಮ ಜೆಂಟಾಮೈಸಿನ್ನಿನ ಬಳಗದ್ದೇ. ಹೋಗುವ ದಾರಿಯೂ ಅದೇ, ತಿನ್ನುವ ಜಾಗವೂ ಅದೇ. ನಾವು ಹನಿಹನಿ ಲೆಕ್ಕ ಹಾಕಿ ಕಾಯುತ್ತಿದ್ದೆವು. ಇವನು ಬಂದು ಅದರ ಮೇಲೆ ಕೊಡದಲ್ಲಿ ಸುರಿದು ಹೋಗಿದ್ದ.

ಗದ್ದಲ ಕಂಡು ದೊಡ್ಡ ಡಾಕ್ಟರು ಬಂದರು. ನಾನು ಬಾಟಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ಕರಿಯಮ್ಮನ ಪಕ್ಕ ಬೆಂಚಿನ ಮೇಲೆ ಕೂತರು. ಬೈಯುತ್ತಾರೆಂದು ಅವಳು ಮೈ ಬಿಗಿ ಮಾಡಿಕೊಂಡಳು.

“ಈ ಔಷಧಿ ಮೈಯಲ್ಲಿ ಜಾಸ್ತಿ ಆದರೆ ಕಿವಿ ಹೋಗ್ತದೆ, ಅಜ್ಜಿ,” ಅಂದರು.

ಕರಿಯಮ್ಮ ಅವರನ್ನೇ ದಿಟ್ಟಿಸಿದಳು. ಅವರ ಏರುದನಿ, ಮಾತು ಕೇಳಲು ಬಲಗಿವಿ ಮುಂದೆ ಮಾಡುವ ರೀತಿ, ಎಲ್ಲವನ್ನೂ ಅಷ್ಟು ದಿನ ನೋಡಿದ್ದಳಲ್ಲ. “ಹಂಗಾದ್ರೆ ನಿಮಗೂ ಯಾರೋ ಜಾಸ್ತಿ ಚುಚ್ಚಿದ್ರಾ ಸಾಮಿ?”

ಪಾರ್ವತಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. ದೊಡ್ಡ ಡಾಕ್ಟರ ಕಿವಿಯ ಸುದ್ದಿಯನ್ನು ಅವರ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಆದರೆ ಅವರು ಸಿಟ್ಟಾಗಲಿಲ್ಲ.

“ಹೌದಜ್ಜಿ,” ಅಂದರು. “ಓದುವಾಗ ನನಗೆ ಕ್ಷಯ ಬಂದಿತ್ತು. ಆಗ ಈ ಔಷಧಿ ಹೊಸದು. ಕೊಟ್ಟರು, ಕೊಟ್ಟರು, ಕೊಡ್ತಾನೇ ಹೋದರು. ಕ್ಷಯ ಹೋಯ್ತು. ಹಿಂದೇನೇ ಕಿವೀನೂ ಹೋಯ್ತು. ಅವರೂ ನಿಮ್ಮ ಹಾಗೇ, ನಾನು ಬದುಕಲಿ ಅಂತಲೇ ಕೊಟ್ಟದ್ದು.”

ಅದನ್ನು ಅವರು ಅವರ ಮಟ್ಟಿಗೆ ಮೆಲ್ಲನೆಯೇ ಹೇಳಿದರು. ವಾರ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ಮಂಚದ ಕೆಳಗಿನ ಹುಡುಗ ತಲೆ ಹೊರಗೆ ಹಾಕಿ ಅವರನ್ನೇ ನೋಡಿದ. ಅಷ್ಟು ದಿನ ಅವರ ಗಂಟಲಿನ ಬಗ್ಗೆ ನಗುತ್ತಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕರಿಯಮ್ಮ ರಂಗಿಯ ಎರಡು ಕಿವಿಗಳನ್ನೂ ಅಂಗೈಯಿಂದ ಮುಚ್ಚಿ ಹಿಡಿದು, ಒಳಗಿದ್ದದ್ದು ಹೊರಗೆ ಹೋಗದಂತೆ ಕಾಯುವವಳ ಹಾಗೆ ಕೂತುಬಿಟ್ಟಳು. “ನಾನೇ ಕಳೆದ್ನಾ ಸಾಮಿ? ನಾನೇ ಕಳೆದ್ನಾ?” ಎಂದು ಕೇಳುತ್ತಲೇ ಇದ್ದಳು.

“ಇನ್ನೂ ಗೊತ್ತಿಲ್ಲ. ತೊಳೆಯೋಣ,” ಅಂದರು ಅವರು.

ಎರಡನೆಯ ಸೂಜಿಯನ್ನು ಇನ್ನೂ ಮುಂದಕ್ಕೆ ಹಾಕಿದೆವು. ನೀರಿಗೆ ಬೆರೆಸುತ್ತಿದ್ದ ಚಿಟಿಕೆಯನ್ನೂ ನಿಲ್ಲಿಸಿ, ಬರೀ ದ್ರಾವಣದಿಂದ ತೊಳೆದೆವು. ಒಳಗೆ ಬಿಡುವುದು, ನಿಲ್ಲಿಸುವುದು, ಹೊರಗೆ ಹರಿಸುವುದು. ಕರಿಯಮ್ಮ ಪಾರ್ವತಕ್ಕನಿಗೆ ಬಿಸಿನೀರು ಹೊತ್ತು ತರತೊಡಗಿದಳು. ಹೊರಗೆ ಬಂದ ನೀರನ್ನು ಬೆಳಕಿಗೆ ಹಿಡಿದು, “ಇವತ್ತು ತಿಳಿಯಾಗೈತೆ” ಎಂದು ನನಗಿಂತ ಮೊದಲು ಹೇಳುತ್ತಿದ್ದಳು. ಜ್ವರ ಇಳಿಯಿತು. ರಂಗಿ ಎದ್ದು ಕೂತಳು. ಆದರೆ ಮಾತಾಡಲಿಲ್ಲ. ಕರೆದರೆ ತಿರುಗಲಿಲ್ಲ.

ಆಗ ಶುರುವಾಯಿತು ನಮ್ಮ ಕಿವಿ ಪರೀಕ್ಷೆ. ನಾನು ಹಿಂದೆ ನಿಂತು ಚಿಟಿಕೆ ಹೊಡೆದೆ. ತಿರುಗಲಿಲ್ಲ. ಚಪ್ಪಾಳೆ ತಟ್ಟಿದೆ. ಇಲ್ಲ. ಪಾರ್ವತಕ್ಕ ಸ್ಟೀಲಿನ ತಟ್ಟೆಯ ಮೇಲೆ ಚಮಚದಿಂದ ಬಾರಿಸಿದರು. ವಾರ್ಡಿನ ಕೂಸುಗಳೆಲ್ಲ ಬೆಚ್ಚಿ ಅತ್ತವು. ರಂಗಿ ಕಿಟಕಿಯಾಚೆ ಗಾಳಿಗೆ ಹಾರುತ್ತಿದ್ದ ಹೊದಿಕೆಯನ್ನು ನೋಡುತ್ತಾ ಕೂತಿದ್ದಳು. ಸಿದ್ದಪ್ಪ ಆ ದಿನದಿಂದ ಪೆಚ್ಚಾಗಿ ದಿನವೂ ಬಂದು ಬಾಗಿಲ ಹೊರಗೆ ನಿಲ್ಲುತ್ತಿದ್ದ. ಒಳಗೆ ಬಂದರೆ ನಳಿಗೆ ಕಾಣುತ್ತದೆಂಬ ಹೆದರಿಕೆ. ಒಂದು ದಿನ ಸೈಕಲ್ಲಿನ ಗಂಟೆಯನ್ನೇ ಬಿಚ್ಚಿ ತಂದು, ಕಣ್ಣು ಮುಚ್ಚಿಕೊಂಡೇ ಒಳಗೆ ಬಂದು, ರಂಗಿಯ ಹಿಂದೆ ನಿಂತು ಟ್ರಿಣ್ ಟ್ರಿಣ್ ಎನ್ನಿಸಿದ. ದಾರಿಯಲ್ಲಿದ್ದ ಆಯಾ ಹೌಹಾರಿ ಗೋಡೆಗೆ ಸರಿದು ನಿಂತಳು. ರಂಗಿ ಆಕಳಿಸಿದಳು.

“ಊರಲ್ಲಿ ಕರೆದರೆ ತಿರುಗುತ್ತಿದ್ದಳಾ?” ಎಂದು ಕರಿಯಮ್ಮನನ್ನು ಕೇಳಿದೆ.

“ಎಲ್ಲಿ ತಾಯಿ! ಕರೆದ್ರೆ ಕೆಲಸ ಹೇಳ್ತಾರೆ ಅಂತ ಅವಳು ಯಾವತ್ತೂ ತಿರುಗಿದೋಳಲ್ಲ.”

ಇದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ನನಗೆ ತಿಳಿಯಲಿಲ್ಲ. ಮಾತಾಡಿಸಿದರೆ ಮುಖ ನೋಡುತ್ತಿದ್ದಳು. ಸೋಗೋ, ಸಿಟ್ಟೋ, ಕಿವುಡೋ? ಹೊಟ್ಟೆಗೆ ತೂತು ಕೊರೆದು, ಉಪ್ಪು ಕಿತ್ತುಕೊಂಡು, ನೀರನ್ನೂ ಅಳೆದು ಕೊಡುವವರ ಜೊತೆ ಮಾತಾಡಬೇಕೆಂದು ಆರು ವರ್ಷದ ಹುಡುಗಿಗೆ ಏಕೆ ಅನ್ನಿಸಬೇಕು?

ಉಚ್ಚೆ ಬಂದದ್ದು ಒಂದು ಬೆಳಿಗ್ಗೆ, ಚುರುಗುಟ್ಟುವ ಬಿಸಿಲಿನಲ್ಲಿ. ನಾನು ಹೊರರೋಗಿಗಳನ್ನು ನೋಡುತ್ತಿದ್ದೆ. ವಾರ್ಡಿನಿಂದ ಕರಿಯಮ್ಮನ ಕೂಗು ಕೇಳಿ, ಏನು ಕೆಡುಕಾಯಿತೋ ಎಂದು ಸ್ಟೆತಾಸ್ಕೋಪು ಬಿಸಾಡಿ ಓಡಿದೆ. ಕರಿಯಮ್ಮ ಮಂಚದ ಮೇಲಿನ ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು, ದೇವರಿಗೆ ಸೀರೆ ಒಪ್ಪಿಸುವವಳ ಹಾಗೆ. “ಹೊಯ್ದ್ಲು! ನನ್ನವ್ವ ಹೊಯ್ದ್ಲು!” ದೊಡ್ಡ ಡಾಕ್ಟರು ಅರ್ಧ ತೊಳೆದ ಕೈಯಲ್ಲೇ ಬಂದು, ಆ ಬಟ್ಟೆಯನ್ನು ಮುಟ್ಟಿ ನೋಡಿ, ಕಿಟಕಿಯಿಂದ ಹೊರಗೆ ಕೂಗಿದರು. ಬಾಳೆಹಣ್ಣಿನವನು ಒಂದು ಗೊನೆ ಹಣ್ಣು ತಂದು ವಾರ್ಡಿಗೆಲ್ಲ ಹಂಚಿದ. ರಂಗಿಗೆ ಹಣ್ಣೂ ಬೇಡವೆಂದೆ, ಅದರಲ್ಲೂ ಅದೇ ಲವಣ. ಅವಳು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಪೇಟದವರ ಆಳು ಬಂದಾಗ ಪಾರ್ವತಕ್ಕ, “ಮೂತ್ರವಿಸರ್ಜನೆ ಆಯ್ತಂತೆ ಅಂತ ಹೇಳಪ್ಪ” ಎಂದು ಕಳಿಸಿದರು.

ಒಮ್ಮೆ ಶುರುವಾದದ್ದು ನಿಲ್ಲಲೇ ಇಲ್ಲ. ಎಚ್ಚೆತ್ತ ಮೂತ್ರಪಿಂಡಗಳು ಮೊದಮೊದಲು ಹಿಡಿತವಿಲ್ಲದೆ ಸುರಿಸುತ್ತವೆ. ದೋಬಿ ತಲೆ ಚಚ್ಚಿಕೊಂಡ. ಕೆಲವೇ ದಿನಗಳಲ್ಲಿ ನಳಿಗೆ ತೆಗೆದೆವು. ರಂಗಿ ಬದುಕಿದಳು. ಎಲ್ಲರೂ ನಕ್ಕರು, ನನಗೆ ಮಾತ್ರ ಪೂರ್ತಿ ನಗಲಾಗಲಿಲ್ಲ. ದೊಡ್ಡ ಡಾಕ್ಟರೂ ದಿನಕ್ಕೊಮ್ಮೆ ಬಂದು ಅವಳ ಹಿಂದೆ ನಿಂತು ಆ ಕಿವಿಗಳನ್ನೇ ನೋಡಿ ಹೋಗುತ್ತಿದ್ದರು.

ಒಂದು ಸಂಜೆ ನಾನೂ ಪಾರ್ವತಕ್ಕನೂ ವಾರ್ಡಿನ ತುದಿಯ ಮೇಜಿನ ಹತ್ತಿರ ಕೂತಿದ್ದೆವು. ರಂಗಿ ನಮಗೆ ಬೆನ್ನು ಹಾಕಿ ಮಂಚದ ಮೇಲಿದ್ದಳು. ಗಾಳಿ ನಿಂತಿತ್ತು, ಸೆಕೆ. ಪಾರ್ವತಕ್ಕ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು: “ಉಗ್ರಾಣದಾಗಿರೋ ಎಳನೀರು ಕೆಡ್ತಾವೆ ಡಾಕ್ಟ್ರೇ. ಇವತ್ತು ಕೊಚ್ಚಿಸಿ ನಾವೇ ಕುಡಿಯಾಣ. ಹುಡುಗಿ ನಿದ್ದೆ ಹೋಗ್ಲಿ.”

“ಆಗಲಿ, ಮೆಲ್ಲಗೆ,” ಎಂದು ನಾನೂ ಪಿಸುಗುಟ್ಟಿದೆ.

“ಅವು ನಮ್ಮಪ್ಪ ನನಗೆ ತಂದಿದ್ದು!”

ಇಬ್ಬರೂ ಬೆಚ್ಚಿ ತಿರುಗಿದೆವು. ರಂಗಿ ಎದ್ದು ನಿಂತಿದ್ದಳು. ತಿಂಗಳ ಸಿಟ್ಟೆಲ್ಲ ಮುಖದಲ್ಲಿತ್ತು. “ನನಗೆ ವಿಷ ಅಂತೀರಿ, ನೀವು ಕುಡಿತೀರಾ? ಎಲ್ಲಾ ನನಗೆ ಗೊತ್ತೈತೆ! ಅವತ್ತೂ ಎರಡು ಕುಡಿದ್ರಿ, ಆ ಆಯಾನೂ ಕುಡಿದ್ಲು!”

ಪಾರ್ವತಕ್ಕ ಅಳುತ್ತಾ ನಗುತ್ತಾ ಅವಳನ್ನು ಎತ್ತಿಕೊಂಡರು. ರಂಗಿ ಎರಡೂ ಕೈಯಿಂದ ಅವರ ಟೋಪಿ ಕಿತ್ತೆಸೆದಳು. ನಾನು ಓಡಿ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿ, “ಕೇಳಿಸುತ್ತೆ ಸಾರ್!” ಅಂದೆ. ಅವರು, “ಏನು?” ಅಂದರು. “ಕೇಳಿಸುತ್ತೆ!” ಎಂದು ಕೂಗಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಉಗ್ರಾಣಕ್ಕೆ ತಾವೇ ಹೋಗಿ, ಒಂದು ಎಳನೀರು ಕೊಚ್ಚಿಸಿ ತಂದರು. ರಂಗಿಗೆ ಸಣ್ಣ ಲೋಟದಲ್ಲಿ ಸ್ವಲ್ಪ ಕೊಟ್ಟರು. ಆಗ ಕೊಡಬಹುದಾಗಿತ್ತು. ಸುರಿದು ಹೋಗುತ್ತಿದ್ದ ಮೂತ್ರದ ಜೊತೆ ಅವಳ ಮೈ ಅದೇ ಲವಣವನ್ನು ಕಳೆದುಕೊಳ್ಳುತ್ತಿತ್ತು.

ಸಿದ್ದಪ್ಪ ಕಸುಬು ಬಿಡಲಿಲ್ಲ. ಆದರೆ ಸೂಜಿ ತೆಗೆಯುವ ಮೊದಲು ಪ್ರತಿಯೊಬ್ಬರನ್ನೂ, “ಉಚ್ಚೆ ಹೊಯ್ದ್ಯಾ?” ಎಂದು ಕೇಳತೊಡಗಿದ. ಮರ್ಯಾದಸ್ಥರು ಅವನನ್ನು ಕರೆಯುವುದು ನಿಲ್ಲಿಸಿದರು. ಮುಂದಿನ ವರ್ಷದ ಹೊತ್ತಿಗೆ ಅವನು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ.

ದಸರೆ ಕಳೆದ ಮೇಲೆ ಕರಿಯಮ್ಮ ರಂಗಿಯನ್ನು ತೋರಿಸಲು ಕರೆತಂದಳು. ಹುಡುಗಿ ಕೆನ್ನೆ ತುಂಬಿಕೊಂಡಿದ್ದಳು. ಎಲ್ಲ ಪರೀಕ್ಷೆ ಮಾಡಿ, ಚೆನ್ನಾಗಿದ್ದಾಳೆ ಅಂದೆ.

“ಅವಳದ್ದು ಬಿಡು. ನನ್ನ ನೋಡು,” ಅಂದಳು ಕರಿಯಮ್ಮ. “ಸೊಂಟ ಹಿಡ್ಕಂಡೈತೆ. ಒಂದು ಸೂಜಿ ಹಾಕು.”

“ಸೂಜಿ ಬೇಡ ಅಜ್ಜಿ. ಮಾತ್ರೆ ಬರೆದುಕೊಡ್ತೀನಿ.”

ಕರಿಯಮ್ಮ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ನನ್ನ ಹತ್ತಿರ ಕುರ್ಚಿ ಎಳೆದುಕೊಂಡು, ಪಂಚಾಯ್ತಿಗೆ ಸಾಕ್ಷಿ ಹೇಳುವವಳ ಹಾಗೆ ಕೈ ಎತ್ತಿದಳು.

“ಸುಳ್ಳು ಹೇಳಲ್ಲ ತಾಯಿ. ಎದ್ದೇಟಿಗೆ ಹೊಯ್ದೀನಿ. ಇಲ್ಲಿಗೆ ಬಂದ ಮ್ಯಾಲೂ ಹಿತ್ತಲಾಗ ಹೋಗಿ ಹೊಯ್ದೀನಿ. ಬೇಕಂದ್ರೆ ಈಗ್ಲೂ ಹೋಗಿ ಬರ್ತೀನಿ, ಇವಳನ್ನೂ ಕಳಿಸಿ ನೋಡ್ಸು. ಒಳಗೆ ಹೋದದ್ದು ನನ್ನಾಗ ನಿಲ್ಲಲ್ಲ. ಆ ಕೂಸಿಗೆ ಕೊಡಬಾರ್ದಿತ್ತು, ಸರಿ. ನನಗ್ಯಾಕೆ ಕೊಡಬಾರ್ದು, ಹೇಳು?”

ಯಾರಿಗೂ ಕೆಡುಕು ಮಾಡದ ಬಿ-ಕಾಂಪ್ಲೆಕ್ಸ್ ಒಂದನ್ನು ತೆಗೆದೆ. ಅದು ಕೆಡುಕು ಮಾಡದಿದ್ದರೂ ಚೆನ್ನಾಗಿ ಉರಿಯುತ್ತದೆ. ಸೂಜಿ ಇಳಿದದ್ದೇ ಕರಿಯಮ್ಮ, “ಅಯ್ಯಯ್ಯಯ್ಯೋ, ಸತ್ತೆನಲ್ಲಪ್ಪೋ!” ಎಂದು ಸೂರು ಹಾರುವ ಹಾಗೆ ಕಿರುಚಿದಳು.

ಸ್ಟೂಲಿನ ಮೇಲೆ ಕೂತಿದ್ದ ರಂಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.